ನಿಮಗಿದು ಗೊತ್ತೇ? ಮೋಡ ಕವಿದರೂ ಮುಖ ಕಪ್ಪಾಗುತ್ತದೆ!

ಮಳೆಗಾಲ ಬಂತೆಂದರೆ ಗೋಕಾಕ ಫಾಲ್ಸ್‌ನಲ್ಲಿ ಜನವೋ ಜನ. ಘಟಪ್ರಭೆ 52 ಮೀಟರ್ ಎತ್ತರದಿಂದ ಕೆಂಪಗೆ ಧುಮುಕುತ್ತಿರುತ್ತಾಳೆ. ಮೇಲೆ ಮೋಡ, ಮೈಮೇಲೆ ತುಂತುರು. 'ಬಿಸಿಲೇ ಇಲ್ಲ, ಮುಖ ಕಪ್ಪಾಗೋ ಮಾತೆಲ್ಲಿ?' ಅಂತೀರಾ? ತೆಳು ಮೋಡವಾದರೆ ಸೂರ್ಯನ ನೇರಳಾತೀತ ಕಿರಣಗಳಲ್ಲಿ ಶೇಕಡಾ 80ರವರೆಗೂ ಅದನ್ನು ತೂರಿಕೊಂಡು ಸೀದಾ ಕೆಳಗಿಳಿಯುತ್ತವೆ! ತಂಪು ಗಾಳಿ ಇರುವುದರಿಂದ ನಮಗೆ ಸುಡುವುದು ಗೊತ್ತಾಗುವುದಿಲ್ಲ, ಅಷ್ಟೇ. ಚರ್ಮಕ್ಕೆ ಮಾತ್ರ ಎಲ್ಲ ಗೊತ್ತಾಗುತ್ತದೆ!

ಬೆಳ್ಳಗಿರುವವರ ಮೈಯಲ್ಲಿ ಬಣ್ಣ ಮಾಡುವ ಜೀವಕೋಶಗಳು ಕಡಿಮೆ, ಕಪ್ಪಗಿರುವವರಲ್ಲಿ ಜಾಸ್ತಿ ಎಂದುಕೊಂಡಿದ್ದೀರಾ? ತಪ್ಪು! ಮೆಲನೋಸೈಟ್ ಎಂಬ ಈ ಕೋಶಗಳ ಸಂಖ್ಯೆ ಸ್ವೀಡನ್ನಿನವರಲ್ಲೂ ಸಂಕೇಶ್ವರದವರಲ್ಲೂ ಹೆಚ್ಚುಕಡಿಮೆ ಒಂದೇ. ಬೇರೆಯಾಗುವುದು ಅವು ಮೆಲನಿನ್ ಎಂಬ ಬಣ್ಣವನ್ನು ಎಷ್ಟು ತಯಾರಿಸುತ್ತವೆ, ಯಾವ ಬಗೆಯದನ್ನು ತಯಾರಿಸುತ್ತವೆ ಎಂಬುದು ಮಾತ್ರ. ಇಂಥ ಒಂದೊಂದು ಕೋಶವೂ ಸುತ್ತಲಿನ ಸುಮಾರು 36 ಕೋಶಗಳಿಗೆ ಬಣ್ಣ ಹಂಚುತ್ತದೆ. ಹಂಚಿಕೆ ಒಂದು ಕಡೆ ಹೆಚ್ಚಾಯಿತೋ, ಅಲ್ಲೇ ಕಪ್ಪು ಕಲೆ!

ಬಣ್ಣ ಪಡೆದ ಕೋಶ ಅದನ್ನು ಏನು ಮಾಡುತ್ತದೆ ಗೊತ್ತೇ? ಮಳೆಯಲ್ಲಿ ರೈತ ತಲೆ ಮೇಲೆ ಕಂಬಳಿ ಕೊಪ್ಪೆ ಹಾಕಿಕೊಂಡ ಹಾಗೆ, ಮೆಲನಿನ್ ಕಣಗಳನ್ನೆಲ್ಲ ತನ್ನ ನಡುವಿನ ಡಿಎನ್ಎ ಗಂಟಿನ ಮೇಲೆ ಕವುಚಿಕೊಳ್ಳುತ್ತದೆ. ಅದೂ ಬಿಸಿಲು ಬೀಳುವ ಕಡೆಗೇ! ನಾವು ಕನ್ನಡಿ ಮುಂದೆ ನಿಂತು ಬೈಯುವ ಕಪ್ಪು, ಒಳಗೆ ಮಾಡುತ್ತಿರುವುದು ಕಾವಲಿನ ಕೆಲಸ.

ಈಗ ಕಬ್ಬಿನ ಹಾಲಿನ ಅಂಗಡಿಗೆ ಬನ್ನಿ. ಗೋಕಾಕ, ಮೂಡಲಗಿ, ಹುಕ್ಕೇರಿ ಅಂದಮೇಲೆ ಕಬ್ಬು ಬಿಟ್ಟು ಮಾತಿಲ್ಲವಲ್ಲ! ಗಾಣದ ಗಾಲಿಗೆ ಕಟ್ಟಿದ ಗೆಜ್ಜೆ ಝಲ್ ಝಲ್ ಅನ್ನುತ್ತದೆ, ಹಾಲು ತಿಳಿ ಹಸಿರಾಗಿ ಇಳಿಯುತ್ತದೆ. ಗ್ಲಾಸನ್ನು ಹಾಗೇ ಇಟ್ಟು ಹರಟೆ ಹೊಡೆಯಿರಿ. ನೋಡನೋಡುತ್ತ ಅದು ಕಂದಾಗುತ್ತದೆ. ಹೆಚ್ಚಿಟ್ಟ ಬದನೆಕಾಯಿಯೂ ಹಾಗೇ. ಇದನ್ನೆಲ್ಲ ಮಾಡುವುದು ತಾಮ್ರದ ಅಂಶವಿರುವ ಒಂದು ಕಿಣ್ವ. ನಿಮ್ಮ ಚರ್ಮದಲ್ಲಿ ಮೆಲನಿನ್ ಹುಟ್ಟಿಸುವ ಟೈರೋಸಿನೇಸ್ ಕೂಡ ತಾಮ್ರದ ಕಿಣ್ವವೇ, ಅದೇ ಬಳಗದ್ದೇ! ಒಂದೇ ಬಗೆಯ ರಸಾಯನ ಗ್ಲಾಸಿನಲ್ಲೂ ನಡೆಯುತ್ತದೆ, ಗಲ್ಲದಲ್ಲೂ ನಡೆಯುತ್ತದೆ!

ಬಾಳೆಹಣ್ಣಿನ ಸಿಪ್ಪೆ ಮೇಲೆ ಚುಕ್ಕೆ ಬೀಳುತ್ತದಲ್ಲ, ಅಲ್ಲೂ ಟೈರೋಸಿನೇಸ್‌ನದೇ ಕೈವಾಡ. 2016ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಪತ್ತೆ ಮಾಡುವ ವಿಧಾನವನ್ನು ಮೊದಲು ಪ್ರಯೋಗಿಸಿ ನೋಡಿದ್ದು ಯಾವುದರ ಮೇಲೆ? ಬಾಳೆಹಣ್ಣಿನ ಚುಕ್ಕೆಗಳ ಮೇಲೆ!

ಕಬ್ಬಿನ ಹಾಲಿಗೆ ನಿಂಬೆಹಣ್ಣು ಹಿಂಡಿದರೆ ಅದು ಬೇಗ ಕಪ್ಪಾಗುವುದಿಲ್ಲ. ಹುಳಿಗೆ ಕಿಣ್ವ ಮಂಕಾಗುತ್ತದೆ. ಇದನ್ನು ನೋಡಿ 'ಹಾಗಾದರೆ ಮುಖದ ಕಲೆಗೂ ನಿಂಬೆಹಣ್ಣು ತಿಕ್ಕೋಣ' ಅಂದಿರೋ, ಕೆಟ್ಟಿರಿ! ನಿಂಬೆಯಲ್ಲಿ ಸೊರಾಲೆನ್ ಗುಂಪಿನ ಪದಾರ್ಥಗಳಿವೆ. ರಸ ಮೈಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟ ಗಾಯದಂಥ ಕೆಂಪು, ಆಮೇಲೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹೋಗದ ಕಪ್ಪು. ರಸ ಎಲ್ಲಿ ಇಳಿದಿದೆಯೋ ಅಲ್ಲೇ ಗೆರೆ ಗೆರೆಯಾಗಿ! ಇನ್ನೂ ಸೋಜಿಗವೆಂದರೆ, ಬಾವಂಚಿ ಬೀಜದಲ್ಲೂ ಇದೇ ಸೊರಾಲೆನ್ ಇದೆ. ತೊನ್ನಿನ ಬಿಳಿ ಕಲೆಗೆ ಮತ್ತೆ ಬಣ್ಣ ತರಿಸಲು ನಮ್ಮ ಹಿರಿಯರು ಬಳಸುತ್ತಿದ್ದುದು ಅದನ್ನೇ!

ಗಾಜಿನ ಹಿಂದೆ ಕೂತರೆ ಬಿಸಿಲು ತಾಗದು ಎಂಬ ಧೈರ್ಯವೇ? 2012ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆ 69 ವರ್ಷದ ಲಾರಿ ಚಾಲಕನೊಬ್ಬನ ಫೋಟೋ ಹಾಕಿತು. 28 ವರ್ಷ ಲಾರಿ ಓಡಿಸಿದವ. ಬಲಗೆನ್ನೆ ಸರಿಯಾಗಿದೆ, ಎಡಗೆನ್ನೆ ಮಾತ್ರ ದಪ್ಪಗೆ, ಆಳ ಸುಕ್ಕುಗಳಿಂದ ತುಂಬಿಹೋಗಿದೆ! ಕಿಟಕಿ ಇದ್ದದ್ದು ಆ ಕಡೆಗೇ. ಸಾಮಾನ್ಯ ಗಾಜು ನೇರಳಾತೀತ ಕಿರಣಗಳಲ್ಲಿ ಯುವಿ-ಬಿ ಬಗೆಯನ್ನು ತಡೆದರೂ ಯುವಿ-ಎ ಬಗೆಯನ್ನು ಒಳಗೆ ಬಿಡುತ್ತದೆ. ನಮ್ಮಲ್ಲಿ ಚಾಲಕ ಕೂರುವುದು ಬಲಕ್ಕೆ. ಹೀಗಾಗಿ ಕಬ್ಬಿನ ಲಾರಿಯವರದೋ ಬಸ್ ಚಾಲಕರದೋ ಎರಡೂ ಕೈ ಅಕ್ಕಪಕ್ಕ ಇಡಿಸಿ ನೋಡಿ. ಕಿಟಕಿಗೆ ಆನಿಸಿದ ಬಲಗೈ ಯಾವುದೆಂದು ಕೇಳಬೇಕಾಗಿಯೇ ಇಲ್ಲ!

ಕಣ್ಣಿಗೆ ಕಾಣುವ ಬೆಳಕು ಕೂಡ ನಮ್ಮಂಥ ಕಂದು ಮೈಯವರನ್ನು ಕಪ್ಪಾಗಿಸುತ್ತದೆ. ಬಿಳಿ ಮೈಯವರಿಗೆ ಅದು ಅಷ್ಟಾಗಿ ಏನೂ ಮಾಡದು! ಬಿಳಿ ಬಣ್ಣದ ಬಹುತೇಕ ಸನ್‌ಸ್ಕ್ರೀನ್‌ಗಳು ಈ ಬೆಳಕನ್ನು ತಡೆಯುವುದಿಲ್ಲ. ತಡೆಯುವುದು ಯಾವುದು? ಐರನ್ ಆಕ್ಸೈಡ್, ಅಂದರೆ ಗೋಡೆಗೆ ಬಳಿಯುವ ಕೆಮ್ಮಣ್ಣಿಗೆ ಕೆಂಪು ಕೊಡುವ ಅದೇ ಪದಾರ್ಥ! ಮೈಬಣ್ಣದ ದುಬಾರಿ ಸನ್‌ಸ್ಕ್ರೀನ್‌ಗಳಲ್ಲಿ ಇರುವುದು ಇದೇ. (ಹಾಗಂತ ಕೆಮ್ಮಣ್ಣನ್ನೇ ಕಲಸಿಕೊಂಡು ಮುಖಕ್ಕೆ ಮೆತ್ತಿಕೊಂಡೀರಿ, ಜೋಕೆ.)

ಬಂಗು ಹೆಂಗಸರಿಗಷ್ಟೇ ಬರುತ್ತದೆ ಎಂದು ಯಾರು ಹೇಳಿದ್ದು? ಗಂಡಸರಿಗೂ ಬರುತ್ತದೆ! ಬಸುರಿಯಲ್ಲಿ, ಗರ್ಭನಿರೋಧಕ ಗುಳಿಗೆ ನುಂಗುವವರಲ್ಲಿ ಹೆಚ್ಚು ಎಂಬುದು ನಿಜ. ಎರಡೂ ಕೆನ್ನೆ, ಹಣೆ, ಮೇಲ್ದುಟಿಯ ಮೇಲುಭಾಗ, ಅಳತೆ ಹಿಡಿದು ಬರೆದಂತೆ ಎರಡೂ ಬದಿಗೆ ಸಮನಾಗಿ ಬರುವುದೇ ಇದರ ಚಮತ್ಕಾರ. ಬಸುರಿಯ ಹೊಕ್ಕುಳ ಕೆಳಗೆ ಮೂಡುವ ಕಪ್ಪು ಗೆರೆ ಇದೆಯಲ್ಲ, ಅದು ಹೊಸದೇ ಅಲ್ಲ. ಮೊದಲಿನಿಂದ ಅಲ್ಲೇ ಇದ್ದ ಮಾಸಲು ಗೆರೆಗೆ ಆಗ ಬಣ್ಣ ತುಂಬುತ್ತದೆ, ಅಷ್ಟೇ!

ಬಂಗಿಗೆ ವೈದ್ಯರು ಕೊಡುವ ಒಂದು ಮಾತ್ರೆ ಟ್ರಾನೆಕ್ಸಾಮಿಕ್ ಆಮ್ಲ. ಇದು ಅಸಲಿಗೆ ರಕ್ತ ಸೋರುವುದನ್ನು ನಿಲ್ಲಿಸುವ ಔಷಧ! 1962ರಲ್ಲಿ ಜಪಾನಿನ ಉತಾಕೊ ಒಕಾಮೊಟೊ ಮತ್ತು ಆಕೆಯ ಪತಿ ಶೊಸುಕೆ ಕಂಡುಹಿಡಿದದ್ದು, ಹೆರಿಗೆಯ ರಕ್ತಸ್ರಾವದಿಂದ ತಾಯಂದಿರು ಸಾಯುವುದನ್ನು ತಪ್ಪಿಸಬೇಕೆಂದು. 1979ರಲ್ಲಿ ಅದೇ ದೇಶದ ವೈದ್ಯರೊಬ್ಬರು ಬೇರೆ ಚರ್ಮರೋಗಕ್ಕೆ ಇದನ್ನು ಕೊಟ್ಟರು. ನೋಡಿದರೆ ರೋಗಿಯ ಬಂಗು ತಿಳಿಯಾಗುತ್ತಿದೆ! ಆದರೆ ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಇದು ಅಪಾಯ. ವೈದ್ಯರನ್ನು ಕೇಳದೆ ಮುಟ್ಟುವಂತಿಲ್ಲ.

ಬೆಂಕಿಯೂ ಬರೆಯುತ್ತದೆ! ದಿನಾ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂರುವವರ ಮೊಣಕಾಲ ಕೆಳಗೆ ಬಲೆ ಬಲೆಯಾಗಿ ಕಂದು ಗೆರೆಗಳು ಮೂಡಬಹುದು. ಸುಟ್ಟಿಲ್ಲ, ಗುಳ್ಳೆ ಎದ್ದಿಲ್ಲ, ಬರೀ ಕಾವು. ಬೆಲ್ಲದ ಗಾಣದಲ್ಲಿ ಕೊಪ್ಪರಿಗೆ ಮುಂದೆ ದುಡಿಯುವವರಿಗೂ ಈ ಕಾವು ತಪ್ಪಿದ್ದಲ್ಲ. ಇವತ್ತು ಇದೇ ಬಲೆ ಯಾರ ತೊಡೆ ಮೇಲೆ ಬೀಳುತ್ತಿದೆ ಗೊತ್ತೇ? ಲ್ಯಾಪ್‌ಟಾಪನ್ನು ತೊಡೆ ಮೇಲಿಟ್ಟು ಕೂರುವ ಹುಡುಗರ ತೊಡೆ ಮೇಲೆ!

'ಏ ತಮ್ಮಾ, ಕುತ್ತಿಗಿ ಹಿಂದ ಎಷ್ಟ ಮಣ್ಣ ಕುಂತೈತಿ, ತಿಕ್ಕಿ ತೊಳಕೋ!' ಎಂದು ಅವ್ವ ಗದರುತ್ತಾಳೆ. ತಿಕ್ಕುತ್ತಾನೆ, ಪಾಪ. ಹೋಗುವುದೇ ಇಲ್ಲ. ಏಕೆಂದರೆ ಅದು ಮಣ್ಣಲ್ಲ! ಮಖಮಲ್ಲಿನಂತೆ ದಪ್ಪಗಾದ ಆ ಕಪ್ಪು, ಕುತ್ತಿಗೆ, ಕಂಕುಳಲ್ಲಿ ಬರುವುದು, ರಕ್ತದಲ್ಲಿ ಇನ್ಸುಲಿನ್ ಜಾಸ್ತಿಯಾಗಿ ಚರ್ಮದ ಕೋಶಗಳು ವಿಪರೀತ ಬೆಳೆದಾಗ. ಸಕ್ಕರೆ ಕಾಯಿಲೆ ಬರುವ ಮುಂಚೆಯೇ ಕುತ್ತಿಗೆ ಸುದ್ದಿ ಕೊಡುತ್ತದೆ! ಸೋಪು ಬದಲಿಸುವ ಬದಲು ರಕ್ತ ಪರೀಕ್ಷೆ ಮಾಡಿಸಿ. ತೂಕ ಇಳಿದರೆ ಕಪ್ಪೂ ಇಳಿಯುತ್ತದೆ. ಇದಕ್ಕೆ ಗೋಕಾಕದ ಕರದಂಟನ್ನು ಬೈಯಬೇಡಿ. ಆದರೆ ಎರಡನೇ ತುಂಡಿಗೆ ಕೈ ಹೋದಾಗ ಒಮ್ಮೆ ಕುತ್ತಿಗೆ ಮುಟ್ಟಿ ನೋಡಿಕೊಳ್ಳಿ!

ಬೆರಳ ಗೆಣ್ಣುಗಳು ಮಾತ್ರ ಕಪ್ಪಾಗಿವೆಯೇ? ಅದು ಬಿ-12 ವಿಟಮಿನ್ ಕೊರತೆಯ ಗುರುತಿರಬಹುದು! 1963ರಲ್ಲಿ ವೆಲ್ಲೂರಿನ ವೈದ್ಯರು ಇದನ್ನು ಜಗತ್ತಿಗೆ ತಿಳಿಸಿದರು. ಈ ವಿಟಮಿನ್ ಯಾವ ಕಾಯಿಪಲ್ಲೆಯಲ್ಲೂ ಇಲ್ಲ. ಹಾಲು, ಮೊಸರು, ಮೊಟ್ಟೆ, ಮಾಂಸವೇ ಗತಿ. ಕೊರತೆ ತುಂಬಿದರೆ ಗೆಣ್ಣು ಮೊದಲಿನ ಬಣ್ಣಕ್ಕೆ ಮರಳುತ್ತದೆ!

ಉಜ್ಜಿ ಉಜ್ಜಿಯೇ ಕಪ್ಪಾಗುವವರಿದ್ದಾರೆ! ಬೆನ್ನಿನ ಮೇಲ್ಭಾಗ, ರಟ್ಟೆ, ಮೊಳಕಾಲು. ನೈಲಾನ್ ಬ್ರಶ್ಶಿನಿಂದ ದಿನಾ ಗಸಗಸ ತಿಕ್ಕಿದರೆ ಚರ್ಮ ಗಾಬರಿಬಿದ್ದು ಇನ್ನಷ್ಟು ಬಣ್ಣ ಸುರಿಯುತ್ತದೆ. ಕಪ್ಪು ಹೆಚ್ಚಾಯಿತೆಂದು ಮತ್ತೆ ತಿಕ್ಕುತ್ತಾರೆ. ಅದು ಮತ್ತೆ ಹೆಚ್ಚಾಗುತ್ತದೆ! ಚಕ್ಕಳಮಕ್ಕಳ ಹಾಕಿ ಕೂತು ಕೂತು ಕಾಲಿನ ಹರಡಿನ ಗಂಟು ಕಪ್ಪಾಗುವುದೂ, ಲಂಗದ ಲಾಡಿ ಬಿಗಿದ ಕಡೆ ಸೊಂಟದ ಸುತ್ತ ಕಪ್ಪು ಪಟ್ಟಿ ಬೀಳುವುದೂ ಇದೇ ಉಜ್ಜಾಟದ ಕಥೆ.

ಹಣೆಯ ಮೇಲೆ ಎರಡು ತಮಾಷೆ! ಕಳಪೆ ಬಣ್ಣ ಬೆರೆಸಿದ ಕುಂಕುಮದಿಂದ ಕೆಲವರ ಹಣೆ ಕಪ್ಪಾಗುತ್ತದೆ. ಅಂಟಿಸುವ ಬಿಂದಿಯಿಂದ ಕೆಲವರ ಹಣೆ ಬೆಳ್ಳಗಾಗುತ್ತದೆ! ಬಿಂದಿಯ ಅಂಟಿನಲ್ಲಿರುವ ಒಂದು ರಾಸಾಯನಿಕ ಬಣ್ಣದ ಕೋಶಗಳನ್ನೇ ಕೊಲ್ಲುತ್ತದೆ. 1939ರಲ್ಲಿ ಅಮೆರಿಕದ ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ ಕೆಲಸಗಾರರ ಕೈ ಬೆಳ್ಳಗಾಗಿದ್ದವು. ಎಲ್ಲಿಯವರೆಗೆ ಅಂದರೆ, ತೊಟ್ಟ ರಬ್ಬರ್ ಗ್ಲೌಸಿನ ಅಳತೆಗೆ ಸರಿಯಾಗಿ! ರಬ್ಬರಿಗೆ ಬೆರೆಸಿದ್ದ ರಾಸಾಯನಿಕ ಈ ಬಿಂದಿ ಅಂಟಿನದರ ದಾಯಾದಿ.

ಹೊಲದ ಬದುವಿನಲ್ಲಿ ಬಿಳಿ ಹೂ ಬಿಟ್ಟು ನಿಂತ ಕಾಂಗ್ರೆಸ್ ಕಸ ಗೊತ್ತಲ್ಲ? 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು ನಮ್ಮ ಬೆಳಗಾವಿ ಸೀಮೆಗೆ ಬರಲು ತಡವಾಗಲಿಲ್ಲ. ಮುಟ್ಟುವುದೇ ಬೇಡ, ಗಾಳಿಯಲ್ಲಿ ಹಾರಿ ಬರುವ ಅದರ ಪುಡಿಯೇ ಸಾಕು! ಕೆಲವು ರೈತರ ಕಣ್ರೆಪ್ಪೆ, ಕುತ್ತಿಗೆ, ಮೊಳಕೈ ಮಡಿಕೆ ತುರಿಸಿ ತುರಿಸಿ ಕಪ್ಪಗೆ ದಪ್ಪಗಾಗುತ್ತವೆ. ವರ್ಷಗಟ್ಟಲೆ ಏನೂ ಆಗದೆ ಕಳೆ ಕಿತ್ತವನಿಗೂ ಒಂದು ದಿನ ದಿಢೀರನೆ ಅಲರ್ಜಿ ಶುರುವಾಗಬಹುದು! ಈ ಕಸ ತಿನ್ನಲೆಂದೇ 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೊದ ದುಂಬಿಗಳನ್ನು ಬಿಟ್ಟರು. ದುಂಬಿ ತಿನ್ನುತ್ತಲೇ ಇದೆ, ಕಸ ಬೆಳೆಯುತ್ತಲೇ ಇದೆ.

ಮೂಡಲಗಿ ಕಡೆ ಕಬ್ಬು ಕಡಿಯುವವರ ಮುಂಗೈ ನೋಡಿ. ಸಣ್ಣ ಸಣ್ಣ ಕಪ್ಪು ಗೀರುಗಳು. ಕಬ್ಬಿನ ಗರಿಯ ಅಂಚಿನಲ್ಲಿ ಕಣ್ಣಿಗೆ ಕಾಣದ ಗರಗಸದ ಹಲ್ಲುಗಳಿವೆ, ಅದೂ ಸಿಲಿಕಾದ ಹಲ್ಲು! ಗೀರು ನಾಲ್ಕು ದಿನಕ್ಕೆ ಮಾಯುತ್ತದೆ, ಕಪ್ಪು ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ. ಮೊಡವೆ, ಸೊಳ್ಳೆ ಕಡಿತ, ಕಜ್ಜಿ ಎಲ್ಲದರದೂ ಇದೇ ಪಾಡು. ಮೈಬಣ್ಣ ಗಾಢವಾದಷ್ಟೂ ನೆನಪು ದೀರ್ಘ!

ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕೇರು ಬೀಜ, ಗಡಿ ಕಡೆಯವರ ಬಿಬ್ಬಾ, ಇದೆಯಲ್ಲ? ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದಿದ್ದ ಅಮೆರಿಕದ ಸೈನಿಕರಿಗೆ ಕುತ್ತಿಗೆ ಹಿಂದೆ ಗುಳ್ಳೆಯೇಳತೊಡಗಿತು. ಯಾಕೆ? ಅಂಗಿಯ ಕಾಲರಿಗೆ ಅಗಸ ಹಾಕಿದ ಗುರುತು! ಸಿಪ್ಪೆಯ ಎಣ್ಣೆ ಮೈ ಸುಟ್ಟು ಕಪ್ಪು ಮಾಡುತ್ತದೆ. ಅದೇ ಬೀಜದ ಒಳಗಿನ ತಿರುಳನ್ನು ಜನ ತಿನ್ನುತ್ತಾರೆ!

ಮೈಮೇಲಿನ ಕಲೆಗೂ ನೆನಪಿನ ಶಕ್ತಿ ಇದೆ ಅಂದರೆ ನಂಬುತ್ತೀರಾ? ಕೆಲವರಿಗೆ ಯಾವುದೋ ನೋವಿನ ಗುಳಿಗೆಯೋ, ಸಲ್ಫಾ ಮಾತ್ರೆಯೋ ಒಗ್ಗುವುದಿಲ್ಲ. ನುಂಗಿದರೆ ತುಟಿ ಮೇಲೋ ಕೈ ಮೇಲೋ ರೂಪಾಯಿಯಷ್ಟಗಲ ಗುಂಡಗೆ ಕಲೆ. ವರ್ಷ ಬಿಟ್ಟು ಅದೇ ಮಾತ್ರೆ ನುಂಗಲಿ, ಕಲೆ ಮತ್ತೆ ಏಳುತ್ತದೆ. ಅದೇ ಜಾಗದಲ್ಲಿ, ಒಂದು ಬೆರಳೂ ಆಚೀಚೆ ಆಗದೆ! ರೋಗ ಎದುರಿಸುವ ಕೆಲವು ರಕ್ಷಕ ಕೋಶಗಳು ಆ ತಾಣದಲ್ಲೇ ಠಿಕಾಣಿ ಹೂಡಿ, ಮಾತ್ರೆಯ ದಾರಿ ಕಾಯುತ್ತಿರುತ್ತವೆ.

2006 ನೆನಪಿದೆಯೇ? ಚಿಕೂನ್‌ಗುನ್ಯಾ ಬಂದು ಊರಿಗೆ ಊರೇ ಮಲಗಿತ್ತು. ರಾಜ್ಯದಲ್ಲಿ ಶಂಕಿತ ರೋಗಿಗಳೇ ಏಳು ಲಕ್ಷ ದಾಟಿದ್ದರು. ಕೀಲುನೋವಿನ ಗದ್ದಲದಲ್ಲಿ ಹಲವರು ಗಮನಿಸದ ಒಂದು ವಿಚಿತ್ರ ನಡೆಯಿತು. ಜ್ವರ ಬಿಟ್ಟಮೇಲೆ ಕೆಲವರ ಮೂಗು ಮಾತ್ರ ಕಪ್ಪಾಯಿತು! ಕೆನ್ನೆ ಹಾಗೇ, ಹಣೆ ಹಾಗೇ, ಮೂಗೊಂದು ಕಪ್ಪು. ಈಗ ವೈದ್ಯರು ಮೂಗು ನೋಡಿಯೇ 'ಚಿಕೂನ್‌ಗುನ್ಯಾ ಆಗಿತ್ತಾ?' ಎಂದು ಕೇಳುವುದುಂಟು!

ಕುಡಿಯುವ ನೀರೂ ಕಲೆ ಮೂಡಿಸಬಲ್ಲದು. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಕಿರದಳ್ಳಿ ತಾಂಡಾದಲ್ಲಿ ಅಂತರ್ಜಲದ ಆರ್ಸೆನಿಕ್‌ನಿಂದ ಜನರ ಮೈಮೇಲೆ ಕಲೆಗಳೆದ್ದವು. ಆರ್ಸೆನಿಕ್ ಕಲೆಯ ಗುರುತೇ ಬೇರೆ: ಕಪ್ಪಾದ ಮೈಮೇಲೆ ಮಳೆಹನಿ ಉದುರಿಸಿದಂತೆ ಬಿಳಿ ಬಿಳಿ ಚುಕ್ಕೆ! ಇದು ಬೆರಗಿಗಿಂತ ಸಂಕಟದ ವಿಷಯ.

ಇನ್ನು ಅಜ್ಜ-ಅಜ್ಜಿಯರ ಕೈಹಿಂದಿನ ಕಂದು ಚುಕ್ಕೆ. 'ಲಿವರ್ ಕೆಟ್ಟಿರಬೇಕು' ಎಂದು ಹೆದರುವವರಿದ್ದಾರೆ. ಲಿವರಿಗೂ ಇದಕ್ಕೂ ಸಂಬಂಧವೇ ಇಲ್ಲ! 'ವಯಸ್ಸಾಯಿತಲ್ಲ' ಅನ್ನುವವರೂ ಅರ್ಧ ಮಾತ್ರ ಸರಿ. ಅದೇ ಅಜ್ಜನ ಅಂಗಿ ತೋಳು ಸರಿಸಿ ರಟ್ಟೆಯ ಒಳಭಾಗ ನೋಡಿ. ನಯವಾಗಿದೆ, ಒಂದು ಚುಕ್ಕೆಯೂ ಇಲ್ಲ! ರಟ್ಟೆಗೂ ಅಂಗೈ ಹಿಂಬದಿಗೂ ವಯಸ್ಸು ಒಂದೇ ಅಲ್ಲವೇ? ಬಿಸಿಲು ಕಂಡದ್ದು ಅಂಗೈ ಹಿಂಬದಿ ಮಾತ್ರ, ಅಷ್ಟೇ. ಎಳೆಯರ ಮುಖದ ಸಣ್ಣ ಕಂದು ಚುಕ್ಕೆಗಳು ಬಿಸಿಲು ಕಡಿಮೆಯಾದಾಗ ಮಾಸುತ್ತವೆ. ಮುಪ್ಪಿನ ಚುಕ್ಕೆ ಹಾಗಲ್ಲ, ಬಂದರೆ ಬಂತು!

ಹುಕ್ಕೇರಿಯ ಆದಿಲ್‌ಶಾಹಿ ಕಾಲದ ಗುಮ್ಮಟಗಳನ್ನು ನೋಡಿದ್ದೀರಾ? ಮಳೆ-ಬಿಸಿಲಿಗೆ ಬಿದ್ದ ಹಳೆಯ ಕಟ್ಟಡಗಳ ಮೇಲೆ ಕಪ್ಪು ಕಲೆಗಳು ಹರಡುವುದು ಸಾಮಾನ್ಯ. ಹೊಗೆಯಲ್ಲ, ಬಹುಪಾಲು ಸೂಕ್ಷ್ಮಜೀವಿಗಳು! ನೇರಳಾತೀತ ಕಿರಣದಿಂದ ತಪ್ಪಿಸಿಕೊಳ್ಳಲು ಅವೂ ಗಾಢ ಬಣ್ಣ ತಯಾರಿಸಿಕೊಳ್ಳುತ್ತವೆ. ಅವುಗಳಲ್ಲಿ ಕೆಲವು ಶಿಲೀಂಧ್ರಗಳು ಮಾಡಿಕೊಳ್ಳುವ ಬಣ್ಣ ಯಾವುದು ಹೇಳಿ? ಮೆಲನಿನ್ನೇ! ಕಲ್ಲಿಗೂ ಬಿಸಿಲಿನ ಕಲೆ!

ಹುಟ್ಟಿದ ಕೂಸಿನ ಬೆನ್ನ ಕೆಳಗೆ ನೀಲಿ ಮಚ್ಚೆ ಕಂಡು ಯಾರೋ ಹೊಡೆದಿದ್ದಾರೆ ಎಂದು ಗಾಬರಿಪಡಬೇಡಿ. ಅದು ಪೆಟ್ಟಲ್ಲ. ಮೇಲೆ ಬರಬೇಕಿದ್ದ ಬಣ್ಣದ ಕೋಶಗಳು ದಾರಿಯಲ್ಲೇ, ಚರ್ಮದ ಆಳದಲ್ಲೇ ಉಳಿದುಬಿಟ್ಟಿವೆ! ಶಾಲೆಗೆ ಹೋಗುವ ಹೊತ್ತಿಗೆ ಸಾಮಾನ್ಯವಾಗಿ ಮಾಯ. ಆದರೆ ಕಪ್ಪು ಬಣ್ಣ ನೀಲಿಯಾಗಿ ಕಾಣುವುದೇಕೆ? ಆಳಕ್ಕಿಳಿದ ಕಪ್ಪಿನ ಮೇಲಿಂದ ಬೆಳಕು ಚದುರಿ ಬರುವಾಗ ನೀಲಿಯೇ ಹೆಚ್ಚು ಹೊರಬರುತ್ತದೆ. ಅಜ್ಜಿಯ ಕೈಮೇಲಿನ ಹಚ್ಚೆ ನೀಲಿ-ಹಸಿರಾಗಿ ಕಾಣುವುದೂ ಇದಕ್ಕೇ. ಚುಚ್ಚಿದ್ದು ಕಾಡಿಗೆ, ಕಂಡದ್ದು ಹಸಿರು!

ಹತ್ತು ದಿನದಲ್ಲಿ ಬೆಳ್ಳಗಾಗಲು ಮೆಡಿಕಲ್ ಅಂಗಡಿಯ ಟ್ಯೂಬ್ ತಂದಿರಾ? ಅದರಲ್ಲಿ ಸ್ಟೆರಾಯ್ಡ್ ಇದ್ದರೆ ಮೊದಲು ಮುಖ ಫಳಫಳ. ಆಮೇಲೆ ಕೆಂಪು, ಮೊಡವೆ, ಉರಿ, ಹೆಂಗಸರ ಗಲ್ಲದ ಮೇಲೆ ಕೂದಲು, ಕೊನೆಗೆ ಮೊದಲಿಗಿಂತ ಹೆಚ್ಚು ಕಪ್ಪು! ಹೈಡ್ರೊಕ್ವಿನೋನ್ ಎಂಬ ಕಲೆ ತೆಗೆಯುವ ಮುಲಾಮನ್ನು ಮಿತಿಮೀರಿ ಹಚ್ಚಿದವರ ಮುಖ ನೀಲಿಗಪ್ಪಾಗಿದ್ದನ್ನು 1975ರಲ್ಲೇ ದಕ್ಷಿಣ ಆಫ್ರಿಕಾದ ವೈದ್ಯರು ಬರೆದಿಟ್ಟಿದ್ದಾರೆ. ಕಲೆ ತೆಗೆಯುವ ಮದ್ದೇ ಕಲೆ!

ಹಾಗಾದರೆ ಚರ್ಮವೈದ್ಯರು ಕಲೆಗೆ ಮಾಡುವ 'ಪೀಲ್' ಎಂಬ ಚಿಕಿತ್ಸೆಯಲ್ಲಿ ಏನಿದೆ? ಹೆಚ್ಚಾಗಿ ಗ್ಲೈಕಾಲಿಕ್ ಆಮ್ಲ. ಅದು ಸಹಜವಾಗಿ ಸಿಗುವುದು ಎಲ್ಲಿ ಗೊತ್ತೇ? ನಿಮ್ಮ ಹೊಲದ ಕಬ್ಬಿನಲ್ಲಿ! ಈಗ ಕಾರ್ಖಾನೆಯಲ್ಲೇ ತಯಾರಿಸುತ್ತಾರೆ ಅನ್ನಿ. ಕಬ್ಬಿನ ಹಾಲು ಮುಖಕ್ಕೆ ಬಳಿದರೆ ನೊಣ ಬರುತ್ತವೆ, ಅಷ್ಟೇ ಲಾಭ.

ಒಂದು ಎಚ್ಚರಿಕೆ. ನಮ್ಮ ಮೈಬಣ್ಣದವರಿಗೆ ಮೆಲನೋಮಾ ಬರುವುದು ಅಪರೂಪ. ಬಂದರೆ ಹೆಚ್ಚಾಗಿ ಬಿಸಿಲೇ ಕಾಣದ ಅಂಗಾಲು, ಅಂಗೈ, ಉಗುರಿನ ಅಡಿ! ಗಾಯಕ ಬಾಬ್ ಮಾರ್ಲಿ ಕಾಲ್ಬೆರಳ ಉಗುರಿನಡಿಯ ಕಪ್ಪನ್ನು ಫುಟ್ಬಾಲ್ ಆಡುವಾಗಿನ ಪೆಟ್ಟು ಎಂದುಕೊಂಡಿದ್ದರು. ಅದು ಮೆಲನೋಮಾ ಆಗಿತ್ತು. 1981ರಲ್ಲಿ, 36ನೇ ವಯಸ್ಸಿಗೆ ತೀರಿಕೊಂಡರು. ದಿನೇದಿನೇ ದೊಡ್ಡದಾಗುವ, ಅಂಚು ಸೊಟ್ಟಗಿರುವ, ರಕ್ತ ಒಸರುವ ಕಲೆ ಕಂಡರೆ ತಡಮಾಡದೆ ತೋರಿಸಿ.

ಕೊನೆಗೊಂದು ಮಜಾ! ಬೆವರಿನ ದಿನಗಳಲ್ಲಿ ಎದೆ-ಬೆನ್ನಿನ ಮೇಲೆ ಬಿಳಿ ಬಿಳಿ ಚಿಬ್ಬು ಏಳುತ್ತದಲ್ಲ, ಅದಕ್ಕೆ ಕಾರಣ ನಮ್ಮೆಲ್ಲರ ಚರ್ಮದ ಮೇಲೂ ಬದುಕುವ ಒಂದು ಯೀಸ್ಟ್. ಅದು ನಮ್ಮ ಮೈಯ ಜಿಡ್ಡು ತಿಂದು ಅಜೆಲಾಯಿಕ್ ಆಮ್ಲ ಬಿಡುತ್ತದೆ. ಆ ಆಮ್ಲ ಬಣ್ಣದ ಕೋಶಗಳ ಕೆಲಸಕ್ಕೆ ಅಡ್ಡಿ ಮಾಡಿದಲ್ಲಿ ಬಿಳಿ ಮಚ್ಚೆ. ಈಗ ಹೇಳಿ, ಬಂಗು ಬಂದವರಿಗೆ ವೈದ್ಯರು ಬರೆದುಕೊಡುವ ಒಂದು ಮುಲಾಮಿನಲ್ಲಿ ಏನಿರುತ್ತದೆ? ಅದೇ ಅಜೆಲಾಯಿಕ್ ಆಮ್ಲ! ಬೆನ್ನ ಮೇಲೆ ಬಂದರೆ ರೋಗ, ಟ್ಯೂಬಿನಲ್ಲಿ ಬಂದರೆ ಮದ್ದು!